ಕೈವಾರದ ಬಳೆಗಾರ ಕಟ್ಟಿದ ಪದಗಳು

"ಸಾರ್, ಕೈವಾರದ ತಾತಯ್ಯನೋರು ಹೇಳಿದ್ದೆಲ್ಲ ಒಂದೊಂದಾಗಿ ನಿಜ ಆಗ್ತಾ ಇದೆಯಂತಲ್ಲ, ನೀವೇನಂತೀರಿ?" ರಾಯಲ್ಪಾಡಿನ ಟೀ ಅಂಗಡಿಯಿಂದ ಹಿಡಿದು ಚಿಂತಾಮಣಿ ಬಸ್ಸಿನ ಸೀಟಿನವರೆಗೆ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಅಂಕಣಕ್ಕೆ ಬರುವ ಪತ್ರಗಳಲ್ಲೂ ಇದೇ. ಮಳೆ ಕೈಕೊಟ್ಟ ವರ್ಷ ಒಂದು ಸುತ್ತು ಬರುತ್ತದೆ, ಕೆರೆ ಕೋಡಿ ಹೋದ ವರ್ಷ ಇನ್ನೊಂದು ಸುತ್ತು. ಸರ್ಕಾರ ಉರುಳಿದರೆ, ದೊಡ್ಡವರು ಯಾರಾದರೂ ಹಠಾತ್ತನೆ ತೀರಿಕೊಂಡರೆ ಮತ್ತೆ. 2020ರಲ್ಲಿ ಕೊರೊನಾ ಬಂದಾಗಂತೂ ವಾಟ್ಸ್ಯಾಪ್‌ನಲ್ಲಿ ಭವಿಷ್ಯ ನುಡಿಯುವ ಕಾಲಜ್ಞಾನದ ಪದ್ಯಗಳ ಮೆರವಣಿಗೆಯೇ ನಡೆಯಿತು. ಯಾರು ಬರೆದದ್ದು, ಎಲ್ಲಿ ಅಚ್ಚಾದದ್ದು ಎಂದು ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ಹೀಗೆ ಕೇಳಿದವರಿಗೆಲ್ಲ ನಾನು ತಿರುಗಿ ಒಂದು ಪ್ರಶ್ನೆ ಹಾಕುತ್ತೇನೆ. ಭವಿಷ್ಯದ ಮಾತು ಹಾಗಿರಲಿ, ತಾತಯ್ಯನವರ ಒಂದು ಪದ ಹೇಳಿ ನೋಡೋಣ. ಪೂರ್ತಿ ಬೇಡ, ಪಲ್ಲವಿ ಸಾಕು. ವಯಸ್ಸಾದವರಾದರೆ ಗಂಟಲು ಸರಿಮಾಡಿಕೊಂಡು ಶುರುಮಾಡಿಯೇಬಿಡುತ್ತಾರೆ, ಆಮೇಲೆ ನಿಲ್ಲಿಸುವುದೇ ಕಷ್ಟ. ನಲವತ್ತರ ಕೆಳಗಿನವರು ಮುಗುಳ್ನಗುತ್ತಾರೆ. ಅವರಿಗೆ ತಾತಯ್ಯನೆಂದರೆ ಗೋಡೆಯ ಮೇಲಿನ ಫೋಟೊ, ಮುಂದಾಗುವುದನ್ನು ಮೊದಲೇ ಹೇಳಿದ ಮಹಿಮಾಪುರುಷ. ಆ ಮನುಷ್ಯ ಬದುಕಿಡೀ ಮಾಡಿದ ಕೆಲಸ ಹಾಡು ಕಟ್ಟುವುದು, ಹಾಡುವುದು, ಹಾಡಿಸುವುದು ಎಂಬುದು ಅವರ ಗಮನಕ್ಕೇ ಬಂದಿಲ್ಲ. ನಮ್ಮ ಸೀಮೆಯ ಬಹು ದೊಡ್ಡ ಹಾಡುಗಾರನನ್ನು ನಾವು ಪಂಚಾಂಗದ ಪುಟವಾಗಿ ಇಳಿಸಿದ್ದೇವೆ ಎಂಬುದೇ ನನ್ನ ತಕರಾರು. ಇವತ್ತಿನ ಬರಹ ಅದಕ್ಕಾಗಿ.

ಕೈವಾರ ಈಗ ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿಗೆ ಸೇರಿದೆ. 2007ರಲ್ಲಿ ಜಿಲ್ಲೆ ಒಡೆಯುವ ತನಕ ಅದು ಕೋಲಾರದ್ದೇ. ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಹಳೆಯ ತಲೆಗಳು ಇಂದಿಗೂ "ನಮ್ಮ ಕೈವಾರ" ಎಂದೇ ಅನ್ನುವುದು. ಮಹಾಭಾರತದ ಏಕಚಕ್ರಪುರ ಇದೇ, ಭೀಮ ಬಕಾಸುರನನ್ನು ಕೊಂದದ್ದು ಇಲ್ಲೇ ಎಂದು ಊರವರು ಹೇಳುತ್ತಾರೆ. ಭೀಮಲಿಂಗೇಶ್ವರನ ಗುಡಿಯೂ ಉಂಟು. ಆ ಊರಿನ ಬಲಿಜ ಕುಟುಂಬದಲ್ಲಿ ಕೊಂಡಪ್ಪ, ಮುದ್ದಮ್ಮ ದಂಪತಿಗೆ ಹುಟ್ಟಿದ ಮಗ ನಾರಾಯಣಪ್ಪನೇ ಮುಂದೆ ನಮ್ಮ ತಾತಯ್ಯ. ಹುಟ್ಟಿದ್ದು 1726, ಸಮಾಧಿಯಾದದ್ದು 1836 ಎನ್ನುವುದು ಸಂಪ್ರದಾಯದ ಲೆಕ್ಕ. ನೂರಹತ್ತು ವರ್ಷ! ಈ ಲೆಕ್ಕವನ್ನು ಜಗಳಕ್ಕೆಳೆಯುವ ಉಮೇದು ನನಗಿಲ್ಲ. ಇಪ್ಪತ್ತು ವರ್ಷ ಕಳೆದರೂ ಅದು ದೊಡ್ಡ ಬದುಕೇ.

ಕುಲಕಸುಬು ಬಳೆ ಮಾರುವುದು. ನನ್ನ ಮಟ್ಟಿಗೆ ತಾತಯ್ಯನವರ ಕಥೆಯ ಕೀಲಿ ಇರುವುದು ಅವರು ತಪಸ್ಸು ಮಾಡಿದ ಗುಹೆಯಲ್ಲೂ ಅಲ್ಲ, ಕಾಲಜ್ಞಾನದಲ್ಲೂ ಅಲ್ಲ, ಆ ಬಳೆಯ ಮಲಾರದಲ್ಲಿ. ಯೋಚಿಸಿ ನೋಡಿ. ಆ ಕಾಲದ ಹಳ್ಳಿಯಲ್ಲಿ ಪರಗಂಡಸೊಬ್ಬ ಯಾವ ಮನೆಯ ಹೆಂಗಸಿನ ಎದುರಾದರೂ ಕೂತು, ಅವಳ ಕೈ ಹಿಡಿದು, ಮಾತಾಡಿಸಲು ಸಾಧ್ಯವಿದ್ದದ್ದು ಯಾರಿಗೆ? ಬಳೆಗಾರನಿಗೆ. ಗೌಡರ ಹಟ್ಟಿಗೂ ಹೋಗುತ್ತಾನೆ, ಕೂಲಿಯವರ ಗುಡಿಸಲಿಗೂ ಹೋಗುತ್ತಾನೆ. ಮದುವೆಯ ಮನೆಗೆ ಅವನು ಬೇಕು, ಸೀಮಂತಕ್ಕೆ ಬೇಕು, ಹಬ್ಬಕ್ಕೆ ಬೇಕು. ಗಂಡ ಸತ್ತ ಮನೆಯಲ್ಲಿ ಇನ್ನು ಬಳೆ ಬೇಡವೆಂದು ಗೊತ್ತಾಗುವುದೂ ಅವನಿಗೇ. ಗಾಜು ಒಡೆಯದಂತೆ ಕೈ ಒತ್ತುತ್ತ ಒಂದೊಂದೇ ಬಳೆ ಏರಿಸುವ ಹೊತ್ತಿನಲ್ಲಿ ಹೆಣ್ಣುಮಗಳು ಗಂಡನ ಮನೆಯ ಕಷ್ಟ, ತವರಿನ ನೆನಪು ಎಲ್ಲವನ್ನೂ ಆಡಿಬಿಡುತ್ತಾಳೆ. ಬಳೆಗಾರನನ್ನು ತವರಿಗೆ ಸುದ್ದಿ ಒಯ್ಯುವ ದೂತನನ್ನಾಗಿ ನಮ್ಮ ಜನಪದ ಹಾಡು ಸುಮ್ಮನೆ ಮಾಡಿಕೊಂಡಿಲ್ಲ. ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ'ಗೆ ಬಳೆಗಾರ ಚೆನ್ನಯ್ಯ ಬಂದದ್ದೂ ಅದೇ ದಾರಿಯಲ್ಲಿ. ಊರೂರು ತಿರುಗಿ, ಎಲ್ಲ ಜಾತಿಯ ಮನೆಯ ಮಾತು ಕಿವಿಗೆ ಹಾಕಿಕೊಂಡವನಿಗೆ ಭಾಷೆ ಕಲಿಸಲು ಬೇರೆ ಗುರುಕುಲ ಬೇಕಿರಲಿಲ್ಲ. ತಾತಯ್ಯನವರ ಪದಗಳಲ್ಲಿ ಶಾಸ್ತ್ರದ ಮಾತಿನ ಪಕ್ಕದಲ್ಲೇ ಅಡುಗೆಮನೆಯ ಮಾತು ಸಂಕೋಚವಿಲ್ಲದೆ ಕೂತಿರುತ್ತದೆಯಲ್ಲ, ಅದರ ಮೂಲ ಇಲ್ಲಿದೆ ಎಂದು ನಾನು ನಂಬಿದ್ದೇನೆ.

ಕಥೆಯ ಪ್ರಕಾರ ನಾರಾಯಣಪ್ಪನಿಗೆ ವ್ಯಾಪಾರ ಹತ್ತಲಿಲ್ಲ. ಸಾಲ ಕೇಳಿದವರಿಗೆ ಸಾಲ ಕೊಟ್ಟ, ಕೇಳದವರಿಗೂ ಬಿಟ್ಟ. ಭಜನೆ ಎಲ್ಲಿದ್ದರೂ ಮಲಾರ ಇಳಿಸಿ ಕೂತ. ಮನೆಯಲ್ಲಿ ಹೆಂಡತಿ ಮುನಿಯಮ್ಮ ಸಿಡಿದಳು. ಹರಿಕಥೆದಾಸರು ಈ ಭಾಗಕ್ಕೆ ಬಂದಾಗ ಸಭೆ ನಗುತ್ತದೆ, ಮುನಿಯಮ್ಮ ಗಯ್ಯಾಳಿಯಾಗಿಬಿಡುತ್ತಾಳೆ. ಮಹಾರಾಷ್ಟ್ರದಲ್ಲಿ ತುಕಾರಾಮನ ಹೆಂಡತಿ ಜಿಜಾಯಿಗೂ ಇದೇ ಗತಿ. ಸಂತರ ಹೆಂಡಿರ ಬಗ್ಗೆ ನಮ್ಮ ಪುರಾಣಿಕರಿಗೆ ಯಾಕಿಷ್ಟು ಸಿಟ್ಟೋ ತಿಳಿಯದು. ಗಂಡ ಪದ ಕಟ್ಟುತ್ತ ಕೂತರೆ ಮಕ್ಕಳ ಹೊಟ್ಟೆಗೆ ರಾಗಿ ಹೊಂದಿಸಿದವರು ಯಾರು? ಆ ಲೆಕ್ಕ ಯಾವ ಶತಕದಲ್ಲೂ ಇಲ್ಲ. ಹಾಡುಗಾರರ ಮನೆಗಳ ಈ ಲೆಕ್ಕ ಇವತ್ತಿಗೂ ಬದಲಾಗಿಲ್ಲ ಎಂದು ನಮ್ಮ ಸುತ್ತಲಿನ ಕಲಾವಿದರ ಮನೆಗಳನ್ನು ಕಂಡವರಿಗೆ ಗೊತ್ತು.

ಆಮೇಲೆ ಪರದೇಶಿ ಸ್ವಾಮಿ ಎಂಬ ಗುರು ಬಂದ. ಅಷ್ಟಾಕ್ಷರಿ ಮಂತ್ರ ಕೊಟ್ಟು, ಒಂದು ಬೆಣಚುಕಲ್ಲನ್ನು ಬಾಯಲ್ಲಿಟ್ಟುಕೊಂಡು ಜಪ ಮಾಡು, ಅದು ಕಲ್ಲುಸಕ್ಕರೆಯಾದ ದಿನ ನಿನ್ನ ಸಾಧನೆ ಕೈಗೂಡಿತೆಂದು ತಿಳಿ ಎಂದ. ನಾರಾಯಣಪ್ಪ ಕೈವಾರದ ಪಕ್ಕದ ನರಸಿಂಹನ ಗುಡ್ಡದ ಗವಿ ಸೇರಿ ತಪಸ್ಸಿಗೆ ಕೂತ. ಕಲ್ಲು ಸಕ್ಕರೆಯಾಯಿತು, ಬಳೆಗಾರ ಯೋಗಿಯಾದ ಎನ್ನುತ್ತದೆ ಐತಿಹ್ಯ. ಪವಾಡವನ್ನು ನಂಬುವವರು ನಂಬಲಿ. ನನ್ನ ಕುತೂಹಲ ಬೇರೆ. ಬಾಯಲ್ಲಿ ಕಲ್ಲಿಟ್ಟುಕೊಂಡವನು ಮಾತಾಡಲಾರ. ದಿನವೆಲ್ಲ ಬೀದಿಯಲ್ಲಿ ಬಳೆ ಕೂಗಿ ಮಾರುತ್ತಿದ್ದ, ಮಾತೇ ಬಂಡವಾಳವಾಗಿದ್ದ ಮನುಷ್ಯನಿಗೆ ಗುರು ಹೇಳಿದ ಮೊದಲ ಪಾಠ ಬಾಯಿ ಮುಚ್ಚು ಎಂದು! ಕೇಳಿಸಿಕೊಂಡದ್ದೆಲ್ಲ ಒಳಗೆ ಕುದಿಯಲು ಅಷ್ಟು ಕಾಲ ಬೇಕಾಯಿತೇನೋ. ಗವಿಯಿಂದ ಇಳಿದು ಬಂದ ಮೇಲೆಯೇ ಪದಗಳ ಪ್ರವಾಹ. ಕೀರ್ತನೆಗಳು, ತತ್ವಗಳು, 'ಅಮರನಾರೇಯಣ ಶತಕ'ದಂಥ ಶತಕಗಳು, ಕಾಲಜ್ಞಾನ. ಇಷ್ಟದೈವ ಕೈವಾರದ ಅಮರನಾರೇಯಣ. ಜನರ ಬಾಯಲ್ಲಿ ಅವರ ಹೆಸರೂ ನಾರೇಯಣ ಯತೀಂದ್ರ ಎಂದಾಯಿತು. ನಮಗೆ ಮಾತ್ರ ಬರೀ ತಾತಯ್ಯ.

ಅವರು ಬದುಕಿದ ಕಾಲ ಎಂಥದ್ದೆಂದು ನೆನೆಯದೆ ಆ ಪದಗಳು ಅರ್ಥವಾಗುವುದಿಲ್ಲ. ಇದೇ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರ್ ಅಲಿ ಮೈಸೂರಿನ ಒಡೆತನಕ್ಕೇರಿದ್ದು ತಾತಯ್ಯನವರ ನಡುವಯಸ್ಸಿನಲ್ಲಿ. ಮರಾಠರ ದಂಡು ಬಂತು, ಹೋಯಿತು. 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಘಟ್ಟ ಹತ್ತಿ ಬಂದು ಕೋಲಾರವನ್ನು ವಶಮಾಡಿಕೊಂಡು ಬೆಂಗಳೂರಿನತ್ತ ನಡೆಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಒಡೆಯರಿಗೆ ಪಟ್ಟ ವಾಪಸ್ ಬಂತು. 1831ರಲ್ಲಿ ಆಡಳಿತವನ್ನು ಇಂಗ್ಲಿಷರು ಮತ್ತೆ ಕೈಗೆ ತೆಗೆದುಕೊಂಡರು. ಒಂದೇ ಬದುಕಿನಲ್ಲಿ ಇಷ್ಟು ಧ್ವಜ ಬದಲಾದದ್ದನ್ನು ಕಂಡವನು, ದಂಡು ಹಾದುಹೋದ ಹಳ್ಳಿಗಳಲ್ಲಿ ತಿರುಗಿದವನು, ಅರಸರು ನಿಲ್ಲುವುದಿಲ್ಲ, ಸಿರಿ ನಿಲ್ಲುವುದಿಲ್ಲ, ಮೇಲಿದ್ದವರು ಕೆಳಗೆ ಬರುತ್ತಾರೆ ಎಂದು ಹಾಡಿದರೆ ಅದಕ್ಕೆ ದಿವ್ಯದೃಷ್ಟಿ ಬೇಕೆ? ಕಣ್ಣು ಬಿಟ್ಟು ನೋಡಿದ್ದರೆ ಸಾಕು.

ಇಲ್ಲಿ ಕಾಲಜ್ಞಾನದ ಬಗ್ಗೆ ಒಂದಿಷ್ಟು ಬಿಡಿಸಿ ಹೇಳಬೇಕು. ಅದು ತಾತಯ್ಯನವರೊಬ್ಬರೇ ಕಂಡುಹಿಡಿದ ವಿದ್ಯೆಯಲ್ಲ, ಒಂದು ಸಾಹಿತ್ಯ ಪ್ರಕಾರ. ಅವರಿಗಿಂತ ಹಿಂದೆ ಕಡಪ ಸೀಮೆಯಲ್ಲಿ ವೀರಬ್ರಹ್ಮೇಂದ್ರ ಸ್ವಾಮಿ ಇದ್ದರು, ಅವರ ಮುಸ್ಲಿಂ ಶಿಷ್ಯ ಸಿದ್ಧಯ್ಯನ ಕಥೆ ನಮ್ಮ ಗಡಿಯ ಮಕ್ಕಳಿಗೂ ಗೊತ್ತು. ಕನ್ನಡದಲ್ಲಿ ಇನ್ನೂ ಹಿಂದೆ ಸುರಪುರದ ಕಡೆಯ ಕೊಡೇಕಲ್ಲ ಬಸವಣ್ಣನ ಕಾಲಜ್ಞಾನವಿದೆ. ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರ್ಣಿಕವೂ ಇದರ ದಾಯಾದಿಯೇ. ಆತ ನುಡಿಯುವುದು ಒಂದೇ ಸಾಲು. ಅದನ್ನು ರೈತ ಮಳೆಬೆಳೆಗೆ ಹೊಂದಿಸಿಕೊಳ್ಳುತ್ತಾನೆ, ರಾಜಕಾರಣಿ ಕುರ್ಚಿಗೆ ಹೊಂದಿಸಿಕೊಳ್ಳುತ್ತಾನೆ. ಸಾಲು ಒಂದೇ, ಅರ್ಥ ಕೇಳುವವನದು. ಕಾಲಜ್ಞಾನವೂ ಹಾಗೇ ಕೆಲಸ ಮಾಡುತ್ತದೆ. ಇವತ್ತಿನ ಅನ್ಯಾಯವನ್ನು ನೇರವಾಗಿ ಬೈದರೆ ಪಾಳೇಗಾರನ ಚಾವಟಿ ಬೀಳುತ್ತದೆ, ಅದನ್ನೇ ಮುಂದೊಂದು ಕಾಲ ಬರುತ್ತದೆ ಎಂದು ಹಾಡಿದರೆ ಯಾರೂ ಮುಟ್ಟುವಂತಿಲ್ಲ. ದುಡ್ಡಿಗೆ ಧರ್ಮ ಮಾರುವವರು, ಕಳ್ಳ ಗುರುಗಳು, ನಡೆನುಡಿಗೆ ಹೊಂದಾಣಿಕೆಯಿಲ್ಲದ ದೊಡ್ಡವರು, ಇವರೆಲ್ಲ ತಾತಯ್ಯ ಕಂಡ ಜನರೇ. ಭವಿಷ್ಯತ್ತಿನ ಕ್ರಿಯಾಪದ ಹಾಕಿದ್ದು ಕವಿಯ ಜಾಣತನ. ಹೀಗಾಗಿ ಅದು ಪ್ರತಿ ತಲೆಮಾರಿಗೂ "ನಿಜವಾಗುತ್ತಲೇ" ಇರುತ್ತದೆ, ಅನ್ಯಾಯ ಎಲ್ಲಿ ನಿಂತಿದೆ ಹೇಳಿ.

ಇನ್ನೊಂದು ತೊಡಕೂ ಉಂಟು. ಬಾಯಿಂದ ಬಾಯಿಗೆ ಹರಿದ ಸಾಹಿತ್ಯಕ್ಕೆ ಯಾರು ಬೇಕಾದರೂ ನಾಲ್ಕು ಸಾಲು ಸೇರಿಸಬಹುದು. ವಿಮಾನ ಬಂದ ಮೇಲೆ ವಿಮಾನದ ಪದ್ಯ ಹುಟ್ಟಿತು, ರೋಗ ಬಂದ ಮೇಲೆ ರೋಗದ ಪದ್ಯ. ಮೊಬೈಲಿಗೆ ಬಂದ ಪದ್ಯ ಅಚ್ಚಾದ ಹಳೆಯ ಪುಸ್ತಕದಲ್ಲಿ ಇದೆಯೇ ಎಂದು ನೋಡುವವರೆಗೆ ನಾನಂತೂ ಅದನ್ನು ತಾತಯ್ಯನವರ ಲೆಕ್ಕಕ್ಕೆ ಬರೆಯುವುದಿಲ್ಲ.

ಭಾಷೆಯ ಪ್ರಶ್ನೆಗೆ ಬರೋಣ, ಅದನ್ನು ಕೇಳುವವರೂ ಕಡಿಮೆಯಿಲ್ಲ. ತಾತಯ್ಯ ಕನ್ನಡದವರೋ ತೆಲುಗಿನವರೋ? ಕಾಲಜ್ಞಾನ ತೆಲುಗಿನಲ್ಲಿದೆ, ಬಹುಪಾಲು ರಚನೆಗಳೂ ತೆಲುಗಿನವು. ಕನ್ನಡದಲ್ಲೂ ಕೀರ್ತನೆಗಳನ್ನು ಕಟ್ಟಿದ್ದಾರೆ. ಬೆಂಗಳೂರಿನ ಓದುಗರಿಗೆ ಇದು ಸಮಸ್ಯೆಯಂತೆ ಕಾಣುತ್ತದೆ. ಆಂಧ್ರದ ಗಡಿಗೆ ತಾಗಿಕೊಂಡ ರಾಯಲ್ಪಾಡು ಹೋಬಳಿಯವರಿಗೆ ಇದು ಪ್ರಶ್ನೆಯೇ ಅಲ್ಲ. ನಮ್ಮ ಹಳ್ಳಿಗಳಲ್ಲಿ ಮನೆಮಾತು ತೆಲುಗು, ಶಾಲೆ ಕನ್ನಡ, ಪಹಣಿ ಕನ್ನಡ, ಆಸ್ಪತ್ರೆಗೂ ಸಿನಿಮಾಕ್ಕೂ ಮದನಪಲ್ಲಿ. ನನ್ನ ಅಜ್ಜಿ ಬೈಯುತ್ತಿದ್ದದ್ದು ತೆಲುಗಿನಲ್ಲಿ, ಲೆಕ್ಕ ಬರೆಯುತ್ತಿದ್ದದ್ದು ಕನ್ನಡದಲ್ಲಿ. ಭಜನೆಯವರ ಬಳಿ ಇರುವ ನೋಟ್‌ಬುಕ್ ತೆರೆದು ನೋಡಿದರೆ ಈ ಸೀಮೆಯ ಗುಟ್ಟು ತಿಳಿಯುತ್ತದೆ. ಅಕ್ಷರ ಕನ್ನಡ, ಹಾಡು ತೆಲುಗು. ತೆಲುಗು ಓದಲು ಬಾರದವರು ತಲೆಮಾರುಗಳಿಂದ ತೆಲುಗು ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಂಡು ಹಾಡುತ್ತ ಬಂದಿದ್ದಾರೆ. ತಮಿಳು ನಾಡಿನ ತಿರುವಯ್ಯಾರಿನಲ್ಲಿ ಕೂತು ತ್ಯಾಗರಾಜರು (1767–1847) ತೆಲುಗಿನಲ್ಲಿ ಹಾಡಿದ್ದೂ ಇದೇ ಕಾಲದಲ್ಲಿ, ಅವರ ಭಾಷೆ ಯಾವುದೆಂದು ಅಲ್ಲಿ ಯಾರೂ ತಕರಾರು ತೆಗೆಯುವುದಿಲ್ಲ. ಗಡಿಯಾಚೆಗಿನ ಮದನಪಲ್ಲಿಯ ಮಾತೂ ಇಲ್ಲೇ ಹೇಳಿಬಿಡುತ್ತೇನೆ. 1919ರಲ್ಲಿ ರವೀಂದ್ರನಾಥ ಟ್ಯಾಗೋರರು ಅಲ್ಲಿನ ಥಿಯಾಸಾಫಿಕಲ್ ಕಾಲೇಜಿನಲ್ಲಿ ತಂಗಿ ತಮ್ಮ 'ಜನಗಣಮನ'ವನ್ನು ಇಂಗ್ಲಿಷಿಗೆ ತಂದರು, ಐರ್ಲೆಂಡಿನ ಮಾರ್ಗರೆಟ್ ಕಸಿನ್ಸ್ ಅದರ ಧಾಟಿಯನ್ನು ಸ್ವರಲಿಪಿಗೆ ಇಳಿಸಿದರು. ಹಾಡು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವುದು ಈ ಬಯಲಿಗೆ ಹೊಸದೇನಲ್ಲ.

ಆದರೂ ಈ ಎರಡು ಭಾಷೆಯ ಬದುಕಿಗೆ ತಾತಯ್ಯ ಬೆಲೆ ತೆತ್ತಿದ್ದಾರೆ. ಶಿಶುನಾಳ ಶರೀಫರನ್ನು ನೋಡಿ. ಅವರು ಹುಟ್ಟಿದ್ದು 1819ರಲ್ಲಿ, ತಾತಯ್ಯ ಸಮಾಧಿಯಾದಾಗ ಹದಿನೇಳರ ಹುಡುಗ. ಇಬ್ಬರದೂ ತತ್ವಪದದ ದಾರಿ, ಇಬ್ಬರದೂ ದಿನಬಳಕೆಯ ವಸ್ತುವಿನಲ್ಲಿ ದೊಡ್ಡ ತತ್ವವನ್ನು ಇಟ್ಟು ಹೇಳುವ ಜಾಣ್ಮೆ. ಶರೀಫರ ಪದಗಳನ್ನು ಸಿ. ಅಶ್ವತ್ಥ್ ತಮ್ಮ ಕಂಠಕ್ಕೆ ತೆಗೆದುಕೊಂಡರು. 1990ರಲ್ಲಿ ನಾಗಾಭರಣ 'ಸಂತ ಶಿಶುನಾಳ ಶರೀಫ' ಸಿನಿಮಾ ಮಾಡಿದರು. ಕ್ಯಾಸೆಟ್ಟು ಮನೆಮನೆಗೆ ಹೋಯಿತು. ಇವತ್ತು ಬೀದರಿನಿಂದ ಚಾಮರಾಜನಗರದವರೆಗೆ ಶರೀಫರ ಒಂದು ಪದವಾದರೂ ಗೊತ್ತಿಲ್ಲದ ಕನ್ನಡಿಗ ಸಿಗುವುದು ಕಷ್ಟ. ತಾತಯ್ಯನವರಿಗೆ ಒಬ್ಬ ಅಶ್ವತ್ಥ್ ಸಿಗಲಿಲ್ಲ, ವಾಟ್ಸ್ಯಾಪ್ ಸಿಕ್ಕಿತು. ತೆಲುಗಿನ ರಚನೆಗಳನ್ನು ಸುಗಮ ಸಂಗೀತದವರು ಮುಟ್ಟದಿದ್ದದ್ದು ಅರ್ಥವಾಗುತ್ತದೆ. ಕನ್ನಡದ ಕೀರ್ತನೆಗಳನ್ನೂ ಯಾಕೆ ಬಿಟ್ಟರು ಎಂಬುದು ನನಗೆ ಬಗೆಹರಿಯದು. ಹಳೇ ಮೈಸೂರಿನ ಕಿವಿಗೆ ಕೋಲಾರ ಯಾವತ್ತೂ ಸ್ವಲ್ಪ ದೂರವೇ, ಅದೊಂದು ಕಾರಣವಿರಬಹುದು.

ಆ ಪದಗಳು ಉಳಿದದ್ದು ವೇದಿಕೆಯಲ್ಲಲ್ಲ, ಭಜನೆ ಮಂದಿರಗಳಲ್ಲಿ ಮತ್ತು ಸಾವಿನ ಮನೆಗಳಲ್ಲಿ. ಇದನ್ನು ಹೊರಗಿನವರಿಗೆ ಸ್ವಲ್ಪ ವಿವರಿಸಬೇಕು. ನಮ್ಮ ಕಡೆ ಯಾರಾದರೂ ತೀರಿಕೊಂಡರೆ, ದೂರದ ನೆಂಟರು ಬಂದು ಮಣ್ಣಾಗಲು ಬೆಳಗಾಗಬೇಕು ಎಂದಾದರೆ, ರಾತ್ರಿ ಭಜನೆಯವರು ಬರುತ್ತಾರೆ. ಅಂಗಳದಲ್ಲಿ ಜಮಖಾನ ಹಾಸಿ ಕೂರುತ್ತಾರೆ. ಹಾರ್ಮೋನಿಯಂ, ಡೋಲಕ್ಕು, ತಾಳ, ಚಿಟಿಕೆ. ಹಿಂದೆ ಏಕತಾರಿಯೂ ಇರುತ್ತಿತ್ತು, ಈಗ ಅಪರೂಪ. ಮೊದಲು ಗಣಪತಿ ಸ್ತುತಿ, ಗುರುಸ್ತುತಿ. ಹನ್ನೊಂದು ಗಂಟೆಯವರೆಗೆ ರಾಮಭಜನೆ, ಪಾಂಡುರಂಗನ ಭಜನೆ. ನಡುರಾತ್ರಿ ಕಳೆದ ಮೇಲೆ ಯಾರೋ ಒಬ್ಬ ಹಿರಿಯರು ಮೆಲ್ಲಗೆ ಅನ್ನುತ್ತಾರೆ, "ಇಂಕ ತತ್ವಾಲು ಎತ್ತುಕೋಂಡಪ್ಪಾ" (ಇನ್ನು ತತ್ವಗಳನ್ನು ಎತ್ತಿಕೊಳ್ಳಿರಪ್ಪಾ). ಅಲ್ಲಿಂದ ಶುರು. ದೇಹವೆಂಬ ಒಂಬತ್ತು ಬಾಗಿಲ ಊರು, ಅದರೊಳಗಿನ ಕಳ್ಳರು, ಬಾಡಿಗೆ ಮುಗಿದ ಮನೆ, ಹಾರಿಹೋಗುವ ಹಕ್ಕಿ. ವೇಮನ ಬರುತ್ತಾನೆ, ಬ್ರಹ್ಮಂಗಾರು ಎಂದು ಜನ ಕರೆಯುವ ವೀರಬ್ರಹ್ಮೇಂದ್ರರು ಬರುತ್ತಾರೆ, ತಾತಯ್ಯ ಬರುತ್ತಾರೆ. ಅಳುತ್ತಿದ್ದ ಹೆಂಗಸರು ಸುಮ್ಮನಾಗಿ ಕೇಳುತ್ತಾರೆ. ಗಂಡಸರು ನಡುವೆ ಎದ್ದು ಹೋಗಿ ಕಾಫಿ ಕುಡಿದು ಬರುತ್ತಾರೆ. ಇಸ್ಪೀಟು ಆಡುವವರು ಜಗಲಿಯ ಆ ತುದಿಯಲ್ಲಿ ಆಡುತ್ತಲೇ ಇರುತ್ತಾರೆ, ಅವರ ತಲೆಯೂ ತಾಳಕ್ಕೆ ಆಡುತ್ತಿರುತ್ತದೆ. ನಾನು ತಾತಯ್ಯನವರ ಪದಗಳನ್ನು ಕಲಿತದ್ದು ಇಂಥ ರಾತ್ರಿಗಳಲ್ಲಿ. ಹುಟ್ಟಿದ ಮೇಲೆ ಕಲಿಯಬೇಕಾದ್ದನ್ನು ಸತ್ತವರ ಮನೆಯಲ್ಲಿ ಕಲಿಸುವ ಏರ್ಪಾಡು ಇದು.

ಸಂಗೀತದ ದೃಷ್ಟಿಯಿಂದ ಈ ಪದಗಳ ಕಟ್ಟಡ ಸರಳ. ಗುಂಪು ಎತ್ತಿಕೊಳ್ಳಲು ಅನುಕೂಲವಾದ ಗಟ್ಟಿ ಪಲ್ಲವಿ, ಒಬ್ಬ ಹಾಡುವ ಮೂರೋ ನಾಲ್ಕೋ ಚರಣ, ಪ್ರತಿ ಚರಣವೂ ಪಲ್ಲವಿಗೆ ತಂದು ಒಪ್ಪಿಸುವ ತಿರುವು. ಕಡೆಯ ಚರಣದಲ್ಲಿ ಅಂಕಿತ: ಅಮರನಾರೇಯಣನ ಹೆಸರು, ಇಲ್ಲವೇ ನಾದಬ್ರಹ್ಮಾನಂದ ನಾರೇಯಣ ಕವಿ ಎಂಬ ತಮ್ಮದೇ ಬಿರುದು. ಆ ಬಿರುದನ್ನು ಗಮನಿಸಿ. ಯೋಗಿ ಎಂದು ಕರೆದವರು ನಾವು, ಆತ ತನ್ನನ್ನು ಕರೆದುಕೊಂಡದ್ದು ಕವಿ ಎಂದು, ಅದೂ ನಾದದ ಜೊತೆಗೆ. ಕಾಪಿರೈಟ್ ಕಾಯಿದೆ ಇಲ್ಲದ ಕಾಲದಲ್ಲಿ ಹಾಡಿನೊಳಗೇ ಹೊಲಿದಿಟ್ಟ ಸಹಿ ಅದು, ಕಿತ್ತರೆ ಪ್ರಾಸ ಹರಿದುಹೋಗುತ್ತದೆ. ಧಾಟಿ ಮಾತ್ರ ಊರಿಗೊಂದು. ಮುಳಬಾಗಿಲಿನ ಕಡೆ ನಿಧಾನವಾಗಿ ಹಾಡುವುದನ್ನು ನಮ್ಮವರು ಡೋಲಕ್ಕಿನ ಓಟಕ್ಕೆ ಕೂರಿಸುತ್ತಾರೆ. ಚಕ್ಕೆ ಭಜನೆಯವರ ಕೈಗೆ ಸಿಕ್ಕರೆ ಅದೇ ಪದ ಕುಣಿತವಾಗುತ್ತದೆ. ಇದರಲ್ಲಿ ಯಾವುದು ಮೂಲ ಎಂದು ತೀರ್ಪು ಕೊಡಲು ಹೊರಟವರು ಸೋಲುತ್ತಾರೆ.

ಕೈವಾರದಲ್ಲಿ ಈಗ ದೊಡ್ಡ ಮಠವಿದೆ. ಅದರ ಏಳಿಗೆಯ ಹಿಂದೆ ಬೆಂಗಳೂರಿನ ಉದ್ಯಮಿ, ಶಿಕ್ಷಣ ಸಂಸ್ಥೆಗಳ ಸ್ಥಾಪಕ ಎಂ.ಎಸ್. ರಾಮಯ್ಯನವರ ಕುಟುಂಬದ ಶ್ರಮವಿದೆ. ಅವರ ಮಗ ಎಂ.ಆರ್. ಜಯರಾಮ್ ಧರ್ಮಾಧಿಕಾರಿಗಳು. ತಾತಯ್ಯನವರ ಜಯಂತಿಯನ್ನು ರಾಜ್ಯ ಸರ್ಕಾರವೂ ಆಚರಿಸುತ್ತದೆ. ಗ್ರಂಥಗಳು ಅಚ್ಚಾಗಿವೆ, ಅನ್ನದಾಸೋಹ ನಡೆಯುತ್ತದೆ. ಆಷಾಢದ ಗುರುಪೂರ್ಣಿಮೆಯ ಹೊತ್ತಿಗೆ ಎಪ್ಪತ್ತೆರಡು ಗಂಟೆ ಎಡೆಬಿಡದೆ ನಡೆಯುವ ಗುರುಪೂಜಾ ಸಂಗೀತೋತ್ಸವ ಈ ಭಾಗದ ದೊಡ್ಡ ಹಬ್ಬ. ಹೆಸರುವಾಸಿ ವಿದ್ವಾಂಸರೂ ಬಂದು ಹಾಡುತ್ತಾರೆ, ತಾತಯ್ಯನವರ ಕೀರ್ತನೆಗಳಿಗೆ ಶಾಸ್ತ್ರೀಯ ರಾಗದ ಪೋಷಾಕು ಸಿಕ್ಕಿದೆ. ಒಳ್ಳೆಯದೇ. ಆದರೆ ನನ್ನ ಕಿವಿ ಕಾಯುವುದು ಹಳ್ಳಿಯ ಭಜನೆ ತಂಡಗಳ ಸರದಿಗೆ. ಆಂಧ್ರದಿಂದ, ಕೋಲಾರದ ಮೂಲೆಗಳಿಂದ ಟೆಂಪೊ ಮಾಡಿಕೊಂಡು ಬಂದವರು, ತಮ್ಮ ಸರದಿ ರಾತ್ರಿ ಎರಡಕ್ಕೋ ಮೂರಕ್ಕೋ ಬಂದರೂ ಬೇಸರಿಸದವರು. ಶ್ರುತಿ ಅಲ್ಲಲ್ಲಿ ಜಾರುತ್ತದೆ. ಗುಂಪು ಪಲ್ಲವಿ ಎತ್ತಿಕೊಂಡಾಗ ಅದು ಯಾರ ಗಮನಕ್ಕೂ ಬರುವುದಿಲ್ಲ.

ತಾತಯ್ಯನವರಲ್ಲಿಗೆ ಈ ಸೀಮೆಯ ಹಾಡು ಕಟ್ಟುವ ಕಸುಬು ಮುಗಿಯಲಿಲ್ಲ ಎಂಬುದನ್ನೂ ಹೇಳಬೇಕು. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹಳ್ಳಿಗಳಿಗೆ ಬಂದಾಗ ಅದರ ಮುಂದೆ ನಡೆದದ್ದು ತಮಟೆ ಮತ್ತು ಹಾಡು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರದು. ಕೋಲಾರದಲ್ಲಿ ಆ ಕೆಲಸಕ್ಕೆ ನಿಂತವರು ಕೋಟಿಗಾನಹಳ್ಳಿ ರಾಮಯ್ಯ. ಅವರು ಬರೆದ ಹೋರಾಟದ ಹಾಡುಗಳು ರಾಜ್ಯದ ತುಂಬ ಓಡಾಡಿವೆ. ಗೆಳೆಯರೊಡನೆ ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಅವರು ಕಟ್ಟಿದ 'ಆದಿಮ' ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆಯ ರಾತ್ರಿಗಳಲ್ಲಿ ನಡೆದ 'ಹುಣ್ಣಿಮೆ ಹಾಡು' ಈ ಜಿಲ್ಲೆಯ ಎಷ್ಟೋ ಹುಡುಗರಿಗೆ ಮೊದಲ ವೇದಿಕೆಯಾಯಿತು. ಅದೇ ಹೋರಾಟದ ಹಾಡಿನ ದಾರಿಯಲ್ಲಿ ಬೆಳೆದ ಪಿಚ್ಚಳ್ಳಿ ಶ್ರೀನಿವಾಸ್ ಅವರದು ಮೈಕು ಬೇಡದ ಗಂಟಲು. ಅವರೂ ಗೊಲ್ಲಹಳ್ಳಿ ಶಿವಪ್ರಸಾದರೂ ಜಾನಪದ ಅಕಾಡೆಮಿಯ ಅಧ್ಯಕ್ಷ ಗಾದಿಗೆ ಬಂದವರು. ಪಕ್ಕದ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಬಳೆಗಾರನಿಗೂ ಇವರಿಗೂ ಏನು ಸಂಬಂಧ ಎನ್ನಬೇಡಿ. ಗುಂಪು ಎತ್ತಿಕೊಳ್ಳುವ ಪಲ್ಲವಿ ಅದೇ. ಮೇಲಿನವರನ್ನು ಕೆಣಕುವ ಚರಣ ಅದೇ. ದೇವರ ಜಾಗದಲ್ಲಿ ನ್ಯಾಯ ಬಂದು ಕೂತಿದೆ.

ಒಂದು ಮಾತ್ರ ಕಳೆದುಹೋಗಿದೆ, ಅಂಕಿತ. ಹೋರಾಟದ ಹಾಡಿನಲ್ಲಿ ಕವಿ ತನ್ನ ಹೆಸರು ಹೊಲಿಯುವುದಿಲ್ಲ, ಅದು ಎಲ್ಲರದೂ ಆಗಬೇಕೆಂಬ ಆಸೆ ಅವನದು. ಆಸೆ ಕೈಗೂಡಿತು, ಹೆಸರು ಹೋಯಿತು. ಶಾಲಾ ವಾರ್ಷಿಕೋತ್ಸವದಲ್ಲಿ, ಗಣೇಶನ ಪೆಂಡಾಲಿನಲ್ಲಿ ಬದುಕಿರುವ ಕವಿಗಳ ಹಾಡನ್ನು "ಈಗೊಂದು ಜನಪದ ಗೀತೆ" ಎಂದು ಕರೆಯುವುದನ್ನು ನಾನು ಕೇಳುತ್ತಲೇ ಇದ್ದೇನೆ. ಬರೆದವರ ಹೆಸರನ್ನು ಮೈಕಿನಲ್ಲಿ ಹೇಳಲು ಎಷ್ಟು ಹೊತ್ತು ಬೇಕು?

ತಾತಯ್ಯನವರ ಪದಗಳನ್ನು ಎಲ್ಲಿ ಕೇಳಬೇಕೆಂದು ಕೇಳಿರುವ ಓದುಗರಿಗೆ ಇಷ್ಟು ಹೇಳುತ್ತೇನೆ. ಯೂಟ್ಯೂಬಿನಲ್ಲಿ ಹುಡುಕಿದರೆ ಕಾಲಜ್ಞಾನದ ಭಯಂಕರ ಸಂಗೀತದ ವಿಡಿಯೊಗಳೇ ಮೊದಲು ಬರುತ್ತವೆ, ಅವನ್ನು ದಾಟಿ ಕೆಳಗೆ ಹೋಗಿ. ಆಷಾಢದಲ್ಲಿ ಬಿಡುವು ಮಾಡಿಕೊಂಡು ಕೈವಾರ ಕ್ರಾಸಿನಲ್ಲಿ ಇಳಿದರೆ ಇನ್ನೂ ಒಳ್ಳೆಯದು. ಅದೂ ಆಗದಿದ್ದರೆ ಶನಿವಾರ ರಾತ್ರಿ ನಿಮ್ಮೂರಿನ ಭಜನೆ ಮಂದಿರಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ರಟ್ಟು ಕಿತ್ತುಬಂದ ನೋಟ್‌ಬುಕ್ ಹಿಡಿದ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಅವರ ನಂತರ ಆ ಪುಸ್ತಕ ಯಾರಿಗೆಂದು ಅವರ ಮನೆಯಲ್ಲಿ ಯಾರೂ ಯೋಚಿಸಿರುವುದಿಲ್ಲ. "ತಾತಾ, ಒಂದ್ಸಲ ನೋಡಿ ಕೊಡ್ತೀನಿ" ಎಂದು ಕೇಳಿದರೆ ಖುಷಿಯಿಂದ ಕೊಡುತ್ತಾರೆ. ಮೊಬೈಲಿನಲ್ಲಿ ಒಂದೊಂದೇ ಪುಟದ ಫೋಟೊ ತೆಗೆದುಕೊಳ್ಳಿ. ಪುಸ್ತಕ ಅವತ್ತೇ ವಾಪಸ್ ಕೊಡಿ, ಮುಂದಿನ ಶನಿವಾರಕ್ಕೆ ಅವರಿಗೆ ಬೇಕು.